ಗಿಣಿದೊಣೆಯ ದಾರಿ

ಬೇಯುವ ರೇಷ್ಮೆಗೂಡಿಗೆ ಒಂದು ವಾಸನೆಯಿದೆ. ಮೊದಲ ಸಲ ಮೂಗಿಗೆ ಬಡಿದವರು ಸೆರಗು ಮುಚ್ಚಿಕೊಳ್ಳುತ್ತಾರೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಹೋದ ಶ್ರಾವಣದಲ್ಲಿ ಮಡಕಶಿರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹಿಂದಿನ ಯಾವುದೋ ಓಣಿಯಿಂದ ಆ ವಾಸನೆ ತೇಲಿ ಬಂತು. ಕೈಯಲ್ಲಿದ್ದ ಚೀಲವನ್ನು ಬೆಂಚಿನ ಮೇಲಿಟ್ಟು ಅಲ್ಲೇ ಕೂತುಬಿಟ್ಟೆ. ಎದುರಿಗೆ ಬೆಟ್ಟ. ಮಳೆ ಬಿದ್ದು ತೊಳೆದ ಬಂಡೆಗಳು, ನಡುವೆ ಕೋಟೆಯ ಗೋಡೆ, ಗೋಡೆಯ ಸಂದಿಯಲ್ಲಿ ಹಸಿರು. ಎಂಟು ವರ್ಷ ನಾನು ಆ ಬೆಟ್ಟವನ್ನು ನೋಡಿರಲಿಲ್ಲ. ನೋಡಬಾರದೆಂದೇ ಹಿಂದೂಪುರಕ್ಕೆ ಹೋಗುವಾಗಲೆಲ್ಲ ಪೆನುಕೊಂಡದ ಕಡೆಯಿಂದ ಸುತ್ತಿ ಹೋಗುತ್ತಿದ್ದೆ. ಈ ಸಲ ತಪ್ಪಿಸಿಕೊಳ್ಳಲು ಆಗಲಿಲ್ಲ. ಕನ್ನಡ ಮಾಧ್ಯಮದ ಮೇಷ್ಟ್ರುಗಳು ಈಗ ಉಳಿದಿರುವುದೇ ಕೆಲವರು. ಎರಡು ಜಿಲ್ಲೆಯವರನ್ನು ಸೇರಿಸಿ ಒಂದೇ ಕಡೆ ತರಬೇತಿ ಇಟ್ಟಿದ್ದರು, ಅದೂ ಮಡಕಶಿರದಲ್ಲಿ.

ಎಂಟು ವರ್ಷದ ಹಿಂದೆ ಜಿಲ್ಲೆ ಇನ್ನೂ ಒಡೆದಿರಲಿಲ್ಲ. ರಾಯದುರ್ಗವೂ ಮಡಕಶಿರವೂ ಒಂದೇ ಅನಂತಪುರ. ನಾನು ರಾಯದುರ್ಗದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಈಗಲೂ ಅಲ್ಲೇ ಇದ್ದೇನೆ. ಬಳ್ಳಾರಿಯಲ್ಲಿ ಅಚ್ಚಾಗುವ ಪತ್ರಿಕೆಗಳ ಭಾನುವಾರದ ಪುಟದಲ್ಲಿ ಆಗೊಮ್ಮೆ ಈಗೊಮ್ಮೆ ನನ್ನ ಲೇಖನ ಬರುತ್ತಿತ್ತು. ಅಷ್ಟಕ್ಕೇ ಊರಲ್ಲಿ 'ಬರೆಯೋ ಮೇಡಂ' ಎಂದು ಹೆಸರಾಗಿತ್ತು. ಜಿಲ್ಲಾ ಕೇಂದ್ರದ ಒಂದು ಕಚೇರಿಯವರು ಪ್ರವಾಸಿಗರಿಗೆಂದು ನೋಡಬೇಕಾದ ಜಾಗಗಳ ಪುಸ್ತಿಕೆ ತರುತ್ತಿದ್ದರು. ತೆಲುಗಿನದು ಆಗಲೇ ಸಿದ್ಧವಾಗಿತ್ತು. ಗಡಿಯಾಚೆ ಬಳ್ಳಾರಿ, ಚಿತ್ರದುರ್ಗ, ತುಮಕೂರಿನಿಂದ ಬರುವವರಿಗೆ ಕನ್ನಡದಲ್ಲೊಂದು ಬೇಕು, ರಾಯದುರ್ಗ ಮತ್ತು ಮಡಕಶಿರದ ಭಾಗ ನೀವು ಬರೆಯಿರಿ ಎಂದು ನನಗೆ ಪತ್ರ ಬಂತು. ಹೆಡ್ ಮಾಸ್ಟರು ಅದನ್ನು ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಮುಂದೆ ಓದಿದರು. ನನ್ನ ಗಂಡ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್. ಅವರು ಆ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದು ಟೀವಿಯ ಪಕ್ಕ ಇಟ್ಟರು.

ಮೊದಲು ರಾಯದುರ್ಗದ ಭಾಗ ಬರೆಯಬೇಕಿತ್ತು. ಗಂಡ ಹೇಳಿದರು: "ಒಮ್ಮೆ ಬೆಟ್ಟ ಹತ್ತಿ ಬರೋಣ ನಡಿ. ನೀ ಹತ್ತಿ ಎಷ್ಟ ವರ್ಷ ಆತು?"

"ನಮ್ಮೂರ ಬೆಟ್ಟ ನನಗ ಗೊತ್ತಿಲ್ಲೇನು? ಹುಡುಗಿ ಇದ್ದಾಗ ದಿನಾ ಹತ್ತೀನಿ," ಎಂದೆ.

ನಿಜವಾದ ಕಾರಣ ಅವರಿಗೆ ಗೊತ್ತಿರಲಿಲ್ಲ. ನನಗೆ ಬೋಳು ಬಂಡೆ ಕಂಡರೆ ತಲೆ ಸುತ್ತುತ್ತದೆ. ಮದುವೆಗೆ ಮುಂಚೆ ಒಂದು ದಿನ ಇದೇ ಬೆಟ್ಟದ ನಡುವೆ, ಹಿಡಿಯಲು ಏನೂ ಇಲ್ಲದ ಒಂದು ಇಳಿಜಾರಿನಲ್ಲಿ, ಕೈಕಾಲು ಊರಿ ಕೂತವಳು ಗೆಳತಿಯರು ಬಂದು ಎಳೆಯುವವರೆಗೆ ಏಳಲು ಆಗಿರಲಿಲ್ಲ. ಆವತ್ತಿಂದ ಆ ಬೆಟ್ಟ ಹತ್ತಿಲ್ಲ. ಯಾರಾದರೂ ಕರೆದರೆ ಸೊಂಟನೋವು, ಪರೀಕ್ಷೆ ಪೇಪರು, ನೆಂಟರು, ಏನಾದರೊಂದು ಹೇಳುತ್ತಿದ್ದೆ.

ಹಾಗಾಗಿ ರಾಯದುರ್ಗದ ಭಾಗವನ್ನು ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಕೂತು ಬರೆದೆ. ತಪ್ಪಲಲ್ಲಿರುವ ಹತ್ತು ತೋಳಿನ ಗಣಪತಿ, ಬೆಟ್ಟದ ಮೈಯಲ್ಲಿ ಜೈನ ಮುನಿಗಳನ್ನು ಕೆತ್ತಿದ ಸಿದ್ಧರ ಗವಿಗಳು, ಒಂದರ ಹಿಂದೆ ಒಂದು ಕೋಟೆಬಾಗಿಲು, ಮೇಲಿನಿಂದ ನೋಡಿದರೆ ಊರಿನ ಮಾಳಿಗೆಗಳ ಮೇಲೆ ಒಣಹಾಕಿದ ಸಾಲುಸಾಲು ನೀಲಿ ಪ್ಯಾಂಟುಗಳು. ಆ ನೀಲಿ ಪ್ಯಾಂಟುಗಳನ್ನು ನಾನು ಮೇಲಿನಿಂದ ನೋಡಿಯೇ ಇರಲಿಲ್ಲ. ನಾನು ಚಿಕ್ಕವಳಿದ್ದಾಗ ಊರಲ್ಲಿ ಜೀನ್ಸಿನ ಕೆಲಸ ಇಷ್ಟು ಇರಲಿಲ್ಲ. ಚೆನ್ನಾಗಿ ಕಾಣುತ್ತದೆಂದು ಸೇರಿಸಿದೆ. ಕಚೇರಿಯ ಸಾಹೇಬರು ಕನ್ನಡ ಓದಬಲ್ಲ ಒಬ್ಬರಿಂದ ಓದಿಸಿ ಕೇಳಿ ಫೋನ್ ಮಾಡಿದರು. "ಚಾಲಾ ಬಾಗುಂದಿ ಮೇಡಂ, ನಾವೇ ಬೆಟ್ಟ ಹತ್ತಿ ಬಂದಂಗಾಯ್ತು," ಅಂದರು. ಆ ಹೊಗಳಿಕೆ ನನಗೆ ಅಭ್ಯಾಸ ಕಲಿಸಿತು. ಹೋಗದೆಯೂ ಬರೆಯಬಹುದು, ಯಾರೂ ಕೇಳುವುದಿಲ್ಲ.

ಶ್ರಾವಣದಲ್ಲಿ ಮಡಕಶಿರಕ್ಕೆ ಹೊರಟೆ. ಕಲ್ಯಾಣದುರ್ಗದಲ್ಲೊಂದು, ಪಾವಗಡದಲ್ಲೊಂದು ಬಸ್ ಬದಲಿಸಿ, ಕರ್ನಾಟಕದೊಳಗೆ ಹೊಕ್ಕು ಮತ್ತೆ ಆಂಧ್ರಕ್ಕೆ ಬರುವ ದಾರಿ. ಆ ವರ್ಷ ಮಳೆ ಚೆನ್ನಾಗಿತ್ತು. ರಸ್ತೆಯ ಎರಡೂ ಕಡೆ ಕಡಲೆಕಾಯಿ ಹೊಲಗಳು ಹಳದಿ ಹೂ ಬಿಟ್ಟಿದ್ದವು. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಾದಿದ್ದವರು ಕದಿರಪ್ಪ.

ಅರವತ್ತು ದಾಟಿದ ಮನುಷ್ಯ. ಬಿಳಿ ಪಂಚೆ, ಮೇಲೊಂದು ಟವೆಲ್ಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಗುರುತಿನ ಚೀಟಿ. ಸಣ್ಣವರಿದ್ದಾಗ ಬೆಟ್ಟದ ಮೇಲೆ ಕುರಿ ಮೇಯಿಸಿದವರು, ಆಮೇಲೆ ರೇಷ್ಮೆಹುಳು ಸಾಕಿಕೊಂಡು ಬದುಕಿದವರು. ಯಾರು ಕೋಟೆ ನೋಡಲು ಬಂದರೂ ಕರೆದುಕೊಂಡು ಹೋಗಿ ತೋರಿಸುತ್ತಿದ್ದುದರಿಂದ ಅದೇ ಕಚೇರಿಯವರು ಅವರನ್ನು ಕೋಟೆಯ ಕಾವಲಿಗೆಂದು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದರು. ಮುಂದೆ ಕಾಯಂ ಮಾಡುತ್ತೇವೆ ಎಂದೂ ಹೇಳಿದ್ದರಂತೆ. ಚೀಟಿಯಲ್ಲಿ ಅವರ ಫೋಟೋ ಇತ್ತು. ಮಾತಾಡುವಾಗ ಆಗಾಗ ಅದನ್ನು ಮುಟ್ಟಿಕೊಳ್ಳುತ್ತಿದ್ದರು.

"ಬನ್ನಿ ಮೇಡಂ. ಮೊದ್ಲು ಮನೆಗೋಗಿ ಒಂದ್ ಲೋಟ ಮಜ್ಗೆ ಕುಡೀರಿ. ಬೆಟ್ಟ ಎಲ್ಲಿಗೂ ಓಗಲ್ಲ," ಎಂದರು.

ಮನೆಯಲ್ಲಿ ಮಗಳು ನರಸಮ್ಮ ಇದ್ದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಪಕ್ಕದೂರಿನ ಅಂಗನವಾಡಿಯಲ್ಲಿ ಟೀಚರು. ಗಂಡ ತೀರಿಕೊಂಡ ಮೇಲೆ ತಂದೆಯ ಜೊತೆ ಇದ್ದಳು. ಕನ್ನಡ, ತೆಲುಗು ಎರಡನ್ನೂ ಸರಾಗವಾಗಿ ಓದಿ ಬರೆಯುತ್ತಿದ್ದಳು. ಕದಿರಪ್ಪನವರಿಗೆ ಅಕ್ಷರ ಬರುತ್ತಿರಲಿಲ್ಲ. "ನಮ್ಮಪ್ಪ ಹೇಳಿದ್ನ ಯಾರೂ ಇದುವರ್ಗೂ ಬರ್ಕೊಂಡಿಲ್ಲ ಮೇಡಂ, ನೀವೇ ಮೊದ್ಲು," ಎಂದು ನನಗೆ ಮಜ್ಜಿಗೆ ಕೊಟ್ಟಳು.

ಮೊದಲ ದಿನ ಹೇಮಾವತಿಗೆ ಹೋದೆವು. ಒಂದು ಕಾಲಕ್ಕೆ ನೊಳಂಬರ ರಾಜಧಾನಿಯಾಗಿದ್ದ ಊರು, ಈಗ ತೆಂಗಿನ ತೋಟಗಳ ನಡುವೆ ಸಣ್ಣದೊಂದು ಹಳ್ಳಿ. ಗುಡಿಯೊಳಗಿನ ಕರಿಕಲ್ಲಿನ ಕಂಬಗಳನ್ನು ಎಷ್ಟು ನುಣುಪಾಗಿ ಉಜ್ಜಿದ್ದಾರೆಂದರೆ ಬಾಗಿಲ ಬೆಳಕು ಅದರಲ್ಲಿ ಉದ್ದಕ್ಕೆ ನಿಂತಿರುತ್ತದೆ. ಕದಿರಪ್ಪ ಟವೆಲ್ಲಿನಿಂದ ಕೈ ಒರೆಸಿಕೊಂಡು ಒಂದು ಕಂಬದ ಮೇಲೆ ಅಂಗೈ ಇಟ್ಟರು. "ಮುಟ್ಟಿ ನೋಡಿ ಮೇಡಂ. ಬೇಸಿಗೇಲೂ ತಣ್ಣಗಿರ್ತದೆ," ಅಂದರು. ಮುಟ್ಟಿದೆ. ಮಗುವಿನ ಹಣೆಯ ಹಾಗೆ ತಣ್ಣಗಿತ್ತು. ಅಲ್ಲಿನ ಸಿದ್ಧೇಶ್ವರ ಲಿಂಗವಾಗಿ ಇಲ್ಲ, ಮನುಷ್ಯನ ಹಾಗೆ ಕೂತಿದ್ದಾನೆ. ಅವನೆದುರು ಕೂತು ನಾನು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದೆ. ಆ ಪುಸ್ತಿಕೆಯಲ್ಲಿ ನಾನು ಕಣ್ಣಿಂದ ಕಂಡು ಬರೆದ ಜಾಗ ಅದೊಂದೇ.

ಮಾರನೆಯ ದಿನ ಬೆಟ್ಟ. ಬೆಳಗ್ಗೆ ಸಣ್ಣ ತುಂತುರು ಬಿದ್ದು ನಿಂತಿತ್ತು. ಮೊದಮೊದಲು ಮೆಟ್ಟಿಲುಗಳಿದ್ದವು, ಎರಡು ಬದಿ ಗೋಡೆ. ಅಲ್ಲಿವರೆಗೆ ಸರಿಯಾಗೇ ಹತ್ತಿದೆ. ಎರಡನೆಯ ಬಾಗಿಲು ದಾಟಿದ ಮೇಲೆ ಮೆಟ್ಟಿಲು ಮುಗಿದು ಬಂಡೆ ಶುರುವಾಯಿತು. ಒಂದು ಪಕ್ಕ ಏನೂ ಇಲ್ಲ, ಬರೀ ಆಕಾಶ. ನನ್ನ ಕಾಲು ನಡುಗತೊಡಗಿತು. ಬಾಗಿಲ ಕಟ್ಟೆಯ ಮೇಲೆ ಕೂತೆ.

"ಸುಸ್ತಾಯ್ತಾ ಮೇಡಂ?"

"ಸ್ವಲ್ಪ ಸೊಂಟ ಹಿಡದೈತಿ ರೀ. ಇಲ್ಲೇ ಕೂತು ಬರ್ಕೊತೀನಿ. ಮೇಲೇನೈತಿ, ನೀವು ಹೇಳ್ರಿ," ಎಂದೆ.

ಕದಿರಪ್ಪ ನನ್ನ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. ಎದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳತೊಡಗಿದರು. ತುದಿಯ ಬುರುಜು, ಮದ್ದಿನ ಮನೆ, ಧಾನ್ಯ ತುಂಬುತ್ತಿದ್ದ ಹಗೇವು, ಎಲ್ಲ ಹೇಳಿದರು. ಕೊನೆಗೆ ಗಿಣಿದೊಣೆ. ಬೆಟ್ಟದ ಹಿಂಬದಿಯಲ್ಲಿ ಬಂಡೆಯೇ ಒಳಕ್ಕೆ ತಗ್ಗಾಗಿ ಮಳೆನೀರು ತುಂಬಿ ನಿಲ್ಲುವ ಒಂದು ಕೊಳ. ಸಂಜೆ ನಾಲ್ಕರ ಮೇಲೆ ಸುತ್ತಲ ಸೀತಾಫಲದ ಗಿಡಗಳಿಂದ ಗಿಣಿಗಳು ಹಿಂಡುಹಿಂಡಾಗಿ ಬಂದು ನೀರಿನ ಅಂಚಲ್ಲಿ ಸಾಲಾಗಿ ಕೂರುತ್ತವೆ. ಒಂದು ಕುಡಿದು ಹಾರುವವರೆಗೆ ಇನ್ನೊಂದು ಕಾಯುತ್ತದೆ. ನೀರಿನ ಮೇಲೆ ಅವುಗಳ ಹಸಿರು ಬಿದ್ದು ಕೊಳವೇ ಅಲುಗಾಡಿದಂತಾಗುತ್ತದೆ. "ನಾನು ಕುರಿ ಕಾಯ್ತಿದ್ದಾಗ ಅಲ್ಲೇ ಕೂತು ಬುತ್ತಿ ಬಿಚ್ತಿದ್ದೆ. ಈಗ್ಲೂ ಬೇಜಾರಾದ್ರೆ ಓಗಿ ಕೂತ್ಕಂಬತ್ತೀನಿ. ಈ ಬೆಟ್ಟದಾಗೆ ನೋಡೋವಂತದು ಅಂದ್ರೆ ಅದೇ ಮೇಡಂ. ಮಿಕ್ಕಿದ್ದೆಲ್ಲ ಕಲ್ಲು."

"ಎಷ್ಟು ಹೊತ್ತಿನ ದಾರಿ?"

"ಈ ಕಡೆಯಿಂದ ಸುತ್ತು. ಹಿಂದ್ಗಡೆಯಿಂದ ಆದ್ರೆ ನಂಗೆ ಅರ್ಧ ಗಂಟೆ." ಆಮೇಲೆ ಬೆರಳೆತ್ತಿ ಹೇಳಿದರು. "ಆದ್ರೆ ಮಳೆಗಾಲ್ದಾಗೆ ಹಿಂದ್ಗಡೆ ದಾರಿ ಬರೀಬ್ಯಾಡಿ. ಬಂಡೆ ಮೇಲೆ ಪಾಚಿ ಕಟ್ಟಿರ್ತದೆ. ನಾವೇ ಓಗಲ್ಲ. ಇದನ್ನ ಮರೀಬ್ಯಾಡಿ ಮೇಡಂ."

"ಆತ್ರಿ," ಎಂದೆ. ನೋಟ್‌ಬುಕ್ಕಿನಲ್ಲಿ 'ಮಳೆಗಾಲ ಬೇಡ, ಪಾಚಿ' ಎಂದು ಬರೆದುಕೊಂಡದ್ದೂ ಇದೆ. ಈಗಲೂ ಆ ನೋಟ್‌ಬುಕ್ಕು ನನ್ನ ಹತ್ತಿರ ಇದೆ. ಹಾಗಾಗಿ ಮರೆತುಬಿಟ್ಟೆ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಊರಿಗೆ ಬಂದು ಬರೆಯಲು ಕೂತಾಗ ಗಿಣಿದೊಣೆಯೇ ಮೊದಲು ಬಂತು. 'ನಾನು ಅಲ್ಲಿ ನಿಂತಾಗ ಸಂಜೆಯ ಬಿಸಿಲು ಇಳಿಯುತ್ತಿತ್ತು' ಎಂದು ಶುರು ಮಾಡಿದೆ. ಗಿಣಿಗಳು ಸಾಲಾಗಿ ಕೂತದ್ದು, ಕಾದದ್ದು, ಹಸಿರು ಅಲುಗಾಡಿದ್ದು, ಕದಿರಪ್ಪ ಹೇಳಿದ್ದೆಲ್ಲವನ್ನೂ ನಾನು ಕಂಡದ್ದಾಗಿ ಬರೆದೆ. ಪ್ರತಿ ಜಾಗದ ಕೊನೆಗೆ ತಲುಪುವ ಬಗೆ, ಬೇಕಾಗುವ ಸಮಯ, ಯಾರು ಹೋಗಬಹುದು ಎಂದು ಮೂರು ಸಾಲು ಕೊಡಬೇಕೆಂದು ಕಚೇರಿಯವರು ಹೇಳಿದ್ದರು. ಅಲ್ಲಿಗೆ ಬಂದು ನಿಂತೆ. ಪಾಚಿ, ಜಾರಿಕೆ, ಬೇಡ ಎಂದು ಬರೆದರೆ ಮೇಲಿನ ಚೆಂದವೆಲ್ಲ ಕೆಡುತ್ತದೆ ಅನ್ನಿಸಿತು. ಅದೂ ಅಲ್ಲದೆ ಎಚ್ಚರಿಕೆ ಬರೆಯಬೇಕಾದರೆ ಆ ದಾರಿ ಹೇಗಿದೆ ಎಂದು ನನಗೆ ಗೊತ್ತಿರಬೇಕಿತ್ತು. ಬರೆದೆ: 'ಬೆಟ್ಟದ ಹಿಂಬದಿಯಿಂದ ಅರ್ಧ ಗಂಟೆಯ ಸುಲಭದ ನಡಿಗೆ. ಮಕ್ಕಳು, ಹಿರಿಯರು ಎಲ್ಲರೂ ಹೋಗಬಹುದು. ಮಳೆಗಾಲದಲ್ಲಿ ಕೊಳ ತುಂಬಿದಾಗ ನೋಡುವುದೇ ಚೆಂದ.' ಕೆಳಗೆ ದೊಡ್ಡ ಮನಸ್ಸಿನಿಂದ ಇನ್ನೊಂದು ಸಾಲು ಸೇರಿಸಿದೆ: 'ದಾರಿ ತೋರಿಸಿದವರು ಕೋಟೆಯ ಕಾವಲುಗಾರ ಶ್ರೀ ಕದಿರಪ್ಪ.' ಅವರ ಹೆಸರನ್ನು ಅಚ್ಚಿನಲ್ಲಿ ತಂದೆನೆಂದು ಆವತ್ತು ನನಗೆ ಹೆಮ್ಮೆಯಾಗಿತ್ತು.

ದಸರಾ ರಜೆಗೆ ಮುಂಚೆ ಪುಸ್ತಿಕೆ ಬಂತು. ಹೊಳೆಯುವ ಕಾಗದ, ಮುಖಪುಟದಲ್ಲಿ ರಾಯದುರ್ಗದ ಬೆಟ್ಟ. ಗಂಡ ಘಟಕದ ಹೊಲಿಗೆಯವರಿಗೆಲ್ಲ ತೋರಿಸಿಕೊಂಡು ಬಂದರು. ನಾಲ್ಕನೆಯ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ಕದಿರಪ್ಪನವರ ಫೋನು.

"ಮೇಡಂ, ಪುಸ್ತ್ಕ ಬಂತು. ನರಸಮ್ಮ ಪೂರ್ತಿ ಓದಿದ್ಲು. ಬಾಳ ಚೆಂದ ಬರ್ದಿದೀರಿ. ನನ್ನೆಸ್ರು ಬೇರೆ ಆಕಿದೀರಿ. ಒಂದು ಸಾಲು ಮಾತ್ರ ತಪ್ಪಾಗೈತೆ ಮೇಡಂ. ಹಿಂದ್ಗಡೆ ದಾರಿ ಸುಲಭ ಅಂತ ಐತಂತೆ. ರಜ ಬತ್ತಾ ಐತೆ. ಜನ ಬಂದ್ರೆ ಕಷ್ಟ. ಸಾಹೇಬ್ರಿಗೆ ಒಂದ್ ಮಾತು ಹೇಳಿ."

"ಹೌದೇನ್ರಿ? ಅಚ್ಚಿನಾಗ ತಪ್ಪಿರಬೇಕು. ಮುಂದಿನ ಸಲ ಅಚ್ಚಾಗುವಾಗ ತಿದ್ದೋಣ್ರಿ," ಎಂದೆ.

"ಅಷ್ಟೊತ್ತಿಗೆ ಮಳೆ ಮುಗ್ದಿರ್ತದಲ್ಲ ಮೇಡಂ."

"ನಾ ಹೇಳ್ತೀನಿ ಬಿಡ್ರಿ," ಎಂದು ಫೋನಿಟ್ಟೆ. ಸಾಹೇಬರಿಗೆ ಹೇಳಲಿಲ್ಲ. ಹೇಳಿದರೆ ನೀವು ಹೋಗಿದ್ದಿರಲ್ಲ, ಹೇಗೆ ತಪ್ಪಾಯಿತು ಎಂದು ಕೇಳುತ್ತಾರೆ. ಮಾರನೆಯ ದಿನ ಹೇಳೋಣ ಎಂದುಕೊಂಡೆ. ಆಮೇಲೆ ರಜೆ ಮುಗಿಯಲಿ ಎಂದುಕೊಂಡೆ.

ನಾನು ಹೇಳಲಿಲ್ಲವೆಂದು ಕದಿರಪ್ಪನವರಿಗೆ ಗೊತ್ತಾಗಿರಬೇಕು. ರಜೆಯಲ್ಲಿ ಅವರೇ ದಿನಾ ಬೆಟ್ಟದ ಹಿಂಬದಿಗೆ ಹೋಗಿ ಕೂತು, ಬಂದವರನ್ನು ಮುಂದಿನ ದಾರಿಗೆ ಕಳಿಸುತ್ತಿದ್ದರಂತೆ. ಒಂದೇ ಒಂದು ದಿನ, ಗೂಡು ಮಾರಲು ಹಿಂದೂಪುರದ ಮಾರ್ಕೆಟ್ಟಿಗೆ ಹೋಗಬೇಕಾಗಿ ಬಂದು, ಅಲ್ಲಿ ಇರಲಿಲ್ಲ. ಆವತ್ತೇ ಬಳ್ಳಾರಿಯಿಂದ ಒಂದು ಕುಟುಂಬ ಬಂತು. ರಿಟೈರಾದ ಮೇಷ್ಟ್ರು, ಅವರ ಹೆಂಡತಿ. ಕೈಯಲ್ಲಿ ನನ್ನ ಪುಸ್ತಿಕೆ. ಹಿರಿಯರೂ ಹೋಗಬಹುದು ಎಂದು ಬರೆದಿತ್ತಲ್ಲ. ಅರ್ಧ ಹತ್ತಿದ ಮೇಲೆ ಆ ತಾಯಿ ಪಾಚಿಯ ಮೇಲೆ ಕಾಲಿಟ್ಟರು. ಮೂರಾಳುದ್ದ ಕೆಳಗೆ ಜಾರಿ ಒಂದು ಗಿಡಕ್ಕೆ ಸಿಕ್ಕಿಕೊಂಡರು. ತೊಡೆಯ ಮೂಳೆ ಮುರಿದಿತ್ತು. ಮಾರ್ಕೆಟ್ಟಿಂದ ಮಧ್ಯಾಹ್ನ ಬಂದ ಕದಿರಪ್ಪ ಸುದ್ದಿ ಕೇಳಿ ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ಕಂಬಳಿಯಲ್ಲಿ ಹೊತ್ತು ಕೆಳಗಿಳಿಸಿದರು. ಆ ತಾಯಿ ಬದುಕಿದರು. ಆದರೆ ಆಮೇಲೆ ಊರುಗೋಲಿಲ್ಲದೆ ನಡೆಯಲಿಲ್ಲವೆಂದು ಕೇಳಿದ್ದೇನೆ.

ವಿಷಯ ಕಚೇರಿಗೆ ಹೋಯಿತು. ದೀಪಾವಳಿಯ ಹಿಂದಿನ ವಾರ ನನ್ನನ್ನೂ ಕದಿರಪ್ಪನವರನ್ನೂ ಕರೆಸಿದರು. ಸಾಹೇಬರ ಕೋಣೆಯಲ್ಲಿ ಬಳ್ಳಾರಿಯ ಆ ಮೇಷ್ಟ್ರೂ ಕೂತಿದ್ದರು. ಕಣ್ಣು ಕೆಂಪಗಿದ್ದವು. ನನಗೆ ಕುರ್ಚಿ ಹಾಕಿಸಿದರು. ಕದಿರಪ್ಪ ಬಾಗಿಲ ಹತ್ತಿರ ಟವೆಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ನಾನು ಒಳಗೆ ಬಂದಾಗ ನಮಸ್ಕಾರ ಮಾಡಿದರು.

ಮೇಷ್ಟ್ರು ಪುಸ್ತಿಕೆಯನ್ನು ನನ್ನ ಮುಂದೆ ತೆರೆದಿಟ್ಟು ಕೇಳಿದರು: "ತಾಯಿ, ನೀವೂ ನನ್ನಂಗ ಮಾಸ್ತರಿಕೆ ಮಾಡೋರು. ಒಂದ ಮಾತು ಹೇಳ್ರಿ. ಈ ದಾರಿ ನೀವು ಹತ್ತೀರೇನು?"

ಆ ಪ್ರಶ್ನೆಗೆ ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಲ್ಯಾಮಿನೇಷನ್ ಮಾಡಿಸಿದ ಪತ್ರ, ಪ್ರಾರ್ಥನೆಯಲ್ಲಿ ಸಾಲಾಗಿ ನಿಂತಿದ್ದ ಮಕ್ಕಳು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು.

"ಹತ್ತೀನ್ರಿ," ಎಂದೆ. "ನಾ ಹೋದಾಗ ಒಣಗಿತ್ತು."

ಸಾಹೇಬರು ತೆಲುಗಿನಲ್ಲಿ ಕೇಳಿದರು, ಮಳೆಗಾಲದಲ್ಲೂ ಹೋಗಬಹುದು ಅಂತ ನಿಮಗೆ ಯಾರು ಹೇಳಿದ್ದು ಎಂದು.

ನಾನು ಬಾಗಿಲ ಕಡೆ ನೋಡದೆ ಕೈ ಮಾತ್ರ ತೋರಿಸಿದೆ. "ಅವರೇ ಹೇಳಿದ್ದು ಸಾರ್."

ಅಷ್ಟೇ. ಆಮೇಲಿನದೆಲ್ಲ ಬೇಗ ಮುಗಿಯಿತು. ಸಾಹೇಬರು ಬೈದರು, ಇಂಥವರನ್ನು ನಂಬಿ ಕೆಲಸ ಕೊಟ್ಟರೆ ಹೀಗೇ ಎಂದರು. ಕದಿರಪ್ಪ ಕೊರಳಿನ ಗುರುತಿನ ಚೀಟಿ ತೆಗೆದರು. ದಾರ ಕಿವಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು, ಚೀಟಿಗೆ ದಾರ ಸುತ್ತಿ, ಮೇಜಿನ ತುದಿಗೆ ಇಟ್ಟರು. ಬಳ್ಳಾರಿಯ ಮೇಷ್ಟ್ರು ಅವರ ಕಡೆ ನೋಡಲೂ ಇಲ್ಲ. ತಮ್ಮ ಹೆಂಡತಿಯನ್ನು ಹೊತ್ತಿಳಿಸಿದವರು ಇವರೇ ಎಂದು ಆವತ್ತಿನ ಗಾಬರಿಯಲ್ಲಿ ಅವರು ಗುರುತಿಟ್ಟುಕೊಂಡಿದ್ದರೋ ಇಲ್ಲವೋ.

ಹೊರಗೆ ಮೆಟ್ಟಿಲ ಮೇಲೆ ನಾನು ನಿಂತಿದ್ದೆ. ಅವರು ಹತ್ತಿರ ಬಂದರು. ಈಗ ಏನಾದರೂ ಅನ್ನುತ್ತಾರೆ, ಅಂದುಬಿಡಲಿ ಎಂದು ಕಾದೆ.

"ಮೇಡಂ, ರಾಯದುರ್ಗಕ್ಕೆ ಈಗ ಬಸ್ಸು ಸಿಗ್ತದಾ?" ಎಂದು ಕೇಳಿದರು.

"ಸಿಗ್ತೈತ್ರಿ."

"ಸರಿ. ಉಷಾರಾಗಿ ಓಗಿ." ಅಷ್ಟು ಹೇಳಿ ಗೇಟಿನ ಕಡೆ ನಡೆದರು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಬಂಡೆ ಕಂಡರೆ ತಲೆ ಸುತ್ತುವುದನ್ನೂ ಮೊದಲ ಸಲ ಹೇಳಿದೆ. ಅವರು ಬಹಳ ಹೊತ್ತು ಕೈಯಲ್ಲಿದ್ದ ಅಳತೆ ಟೇಪನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದರು. "ಹತ್ತಲಾಕ ಆಗಂಗಿಲ್ಲ ಅಂತ ನನಗರ ಹೇಳಬೇಕಿತ್ತು. ನಾ ಹತ್ತಿ ನೋಡಿ ಬರ್ತಿದ್ದೆ," ಅಂದರು. ಆಮೇಲೆ, "ಈಗರ ಹೋಗಿ ಹೇಳು," ಅಂದರು. ನಾನು ಹೋಗಲಿಲ್ಲ. ಒಂದು ವಾರದ ನಂತರ ಆ ಪತ್ರ ಟೀವಿಯ ಪಕ್ಕದಿಂದ ಕಾಣೆಯಾಗಿತ್ತು. ಎಲ್ಲಿಟ್ಟಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನವೆಂಬರಿನಲ್ಲಿ ಗಡಿನಾಡ ಕನ್ನಡಿಗರ ಸಭೆಯೊಂದರಲ್ಲಿ ನನಗೆ ಶಾಲು ಹೊದಿಸಿದರು. ಹೊದಿಸಿಕೊಂಡೆ. ಪುಸ್ತಿಕೆಯ ಬಗ್ಗೆಯೂ ಎರಡು ಮಾತಾಡಿದೆ.

ಆ ವರ್ಷದ ಬಗ್ಗೆ ನೆನಪಿರುವುದು ಇಷ್ಟು. ಅದಾದ ಮೇಲೆ ನಾನು ಲೇಖನ ಬರೆದಿಲ್ಲ. ಯಾರಾದರೂ ಕೇಳಿದರೆ ಸಮಯವಿಲ್ಲ ಎನ್ನುತ್ತೇನೆ.

ಹೋದ ಶ್ರಾವಣದಲ್ಲಿ, ತರಬೇತಿಯ ಎರಡನೆಯ ದಿನ ಮಧ್ಯಾಹ್ನ, ಊಟಕ್ಕೆ ಬಿಟ್ಟಾಗ ಕದಿರಪ್ಪನವರ ಮನೆಗೆ ಹೋದೆ. ದಾರಿಯಲ್ಲಿ ಎರಡು ಸಲ ಹಿಂದಿರುಗಿದೆ. ಬಾಗಿಲು ತೆರೆದಿತ್ತು. ಅವರು ಜಗುಲಿಯಲ್ಲಿ ಕೂತು ಹಿಪ್ಪುನೇರಳೆ ಸೊಪ್ಪನ್ನು ಕಟ್ಟುಗಳಿಂದ ಬಿಡಿಸುತ್ತಿದ್ದರು. ಎಪ್ಪತ್ತರ ಹತ್ತಿರ. ಒಂದು ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದ ಗುರುತು ಹಿಡಿದರು.

"ರಾಯದುರ್ಗದ ಮೇಡಮ್ಮೋರಲ್ವಾ? ಬನ್ನಿ, ಕೂತ್ಕಳಿ. ನರಸಮ್ಮ, ನೀರ್ ತಾರಮ್ಮ."

ನರಸಮ್ಮ ಬಂದು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ನೀರು ತರಲಿಲ್ಲ.

ನಾನು ಕೂರಲಿಲ್ಲ. ಹೇಳಬೇಕೆಂದು ಎಂಟು ವರ್ಷ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. "ಕದಿರಪ್ಪನವರೇ, ಆವತ್ತು ನಾ ಸುಳ್ಳು ಹೇಳಿದೆ. ನೀವು ಬರೀಬ್ಯಾಡಿ ಅಂದಿದ್ರಿ. ನಾ ಆ ದಾರಿ ನೋಡೇ ಇರಲಿಲ್ಲ," ಎಂದಷ್ಟೇ ಬಂತು.

"ನೋಡಿಲ್ಲ ಅಂತ ಗೊತ್ತಲ್ಲ ಮೇಡಂ. ಎರಡ್ನೇ ಬಾಗ್ಲಾಗೆ ನಿಮ್ ಕಾಲು ನಡುಗ್ತಿತ್ತು," ಎಂದರು ಸೊಪ್ಪು ಬಿಡಿಸುತ್ತ.

"ಮತ್ತ ಯಾಕ ಸುಮ್ಮನಿದ್ರಿ? ಸಾಹೇಬರ ಮುಂದ ಒಂದು ಮಾತು ಹೇಳಬಹುದಿತ್ತಲ್ಲ." ಹೀಗೆ ಕೇಳುವಾಗ ನನ್ನ ಮೇಲಿನ ಗೌರವಕ್ಕೆ ಸುಮ್ಮನಿದ್ದೆ ಎನ್ನುತ್ತಾರೆಂದು ಒಳಗೊಳಗೇ ನಿರೀಕ್ಷಿಸಿದ್ದೆ. ಅದೂ ನನಗೀಗ ನಾಚಿಕೆಯ ವಿಷಯವೇ.

ಅವರು ತಲೆಯೆತ್ತಿದರು. "ನನ್ನ ಯಾರು ಕೇಳಿದ್ರು ಮೇಡಂ? ಆ ರೂಮಿನಾಗೆ ಎಲ್ರೂ ನಿಮ್ಮನ್ನ ಕೇಳಿದ್ರು. ನನ್ನ ಒಬ್ರೂ ಕೇಳ್ಲಿಲ್ಲ."

ನಾನು ಕಣ್ಣೊರೆಸಿಕೊಂಡೆ. ಆಗ ನರಸಮ್ಮ ಬಾಗಿಲಿಂದ ಈಚೆ ಬಂದಳು.

"ಅಳಬ್ಯಾಡಿ ಮೇಡಂ. ಅತ್ರೆ ಏನೂ ಆಗಲ್ಲ. ಊರಾಗೆ ಇವತ್ತಿಗೂ ಜನ, ಆ ಯಮ್ಮನ್ನ ಬೀಳ್ಸಿದ್ದು ಕದಿರಪ್ಪ ಅಂತಾರೆ. ನಮ್ಮಪ್ಪ ಬೆಟ್ಟದ ಕಡೆ ಓಗೋದೇ ಬಿಟ್ಟವ್ರೆ. ನೀವು ಇಲ್ಲಿ ನಮ್ಮಿಬ್ರಿಗೆ ಹೇಳಿದ್ರೆ ಏನು ಬಂತು? ನಮಗೆ ಮೊದ್ಲೇ ಗೊತ್ತಿತ್ತು. ಗೊತ್ತಿಲ್ದೋರಿಗೆ ಬರ್ದು ಕೊಡಿ."

ಒಳಗೆ ಹೋಗಿ ಅಂಗನವಾಡಿಯ ಒಂದು ಬಿಳಿ ಹಾಳೆ, ಪೆನ್ನು ತಂದು ಮಣೆಯ ಮೇಲಿಟ್ಟಳು. ಕಚೇರಿಗೂ ಪಂಚಾಯ್ತಿಗೂ ಕೊಡಬೇಕು, ತೆಲುಗಿನಲ್ಲೇ ಇರಲಿ ಎಂದಳು.

ಕೂತು ಬರೆದೆ. ನನ್ನ ಹೆಸರು, ಶಾಲೆ, ಪುಸ್ತಿಕೆಯ ವಿಷಯ, ಆ ದಾರಿಯನ್ನು ನಾನು ನೋಡಿಲ್ಲವೆಂಬುದು, ಕದಿರಪ್ಪನವರು ಬೇಡವೆಂದು ಹೇಳಿದ್ದು, ಆಮೇಲೆ ಫೋನ್ ಮಾಡಿದ್ದು. ವಿಚಾರಣೆಯ ದಿನ ನನ್ನಿಂದ 'ಪೊರಪಾಟು' ಆಯಿತು ಎಂದು ಮುಗಿಸಿ ರುಜು ಹಾಕಿ ಕೊಟ್ಟೆ. ನರಸಮ್ಮ ಬಾಗಿಲ ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ನಾನು ಮಕ್ಕಳ ಪೇಪರು ನೋಡುವ ಹಾಗೆ ಬೆರಳಿಟ್ಟು ಓದಿದಳು.

"ಇಲ್ಲಿ ಪೊರಪಾಟು ಅಂತ ಬರ್ದಿದೀರ," ಎಂದಳು. "ಪೊರಪಾಟು ಅಂದ್ರೆ ಗೊತ್ತಿಲ್ದೆ ಆಗೋ ತಪ್ಪು. ನೀವು ಗೊತ್ತಿದ್ದೇ ಹೇಳಿದ್ರಲ್ಲ. ಅದಕ್ಕೆ ಬೇರೆ ಪದ ಐತೆ."

ಹಾಳೆ ತೆಗೆದುಕೊಂಡು ಆ ಪದವನ್ನು ಹೊಡೆದು ಹಾಕಿ ಮೇಲೆ 'ಅಬದ್ಧಂ' ಎಂದು ಬರೆದೆ. ನನಗೆ ತೆಲುಗು ಮೊದಲಿಂದ ಬರುತ್ತದೆ. ಆದರೆ ಸುಳ್ಳು ಎನ್ನುವ ಆ ಮೂರಕ್ಷರವನ್ನು ಎರಡು ಸಲ ತಿದ್ದಿ ಬರೆದೆ.

ಕದಿರಪ್ಪ ಅದನ್ನು ಕನ್ನಡದಲ್ಲಿ ಓದಿ ಹೇಳಿ ಎಂದರು. ಮೊದಲಿಂದ ಕೊನೆಯವರೆಗೆ ಓದಿದೆ. ಸೊಪ್ಪಿನ ಕೈಯನ್ನು ಪಂಚೆಗೆ ಒರೆಸಿಕೊಂಡು, ಕಣ್ಣು ಮುಚ್ಚಿ ಕೇಳಿದರು.

"ಸರಿಯಾಗೈತೆ. ಕೆಳ್ಗೆ ಇನ್ನೊಂದು ಸಾಲು ಬರ್ಕಳಿ ಮೇಡಂ," ಎಂದರು. "ಸಂಕ್ರಾಂತಿ ಕಳೆದ ಮೇಲೆ, ಯುಗಾದಿ ಒಳ್ಗೆ, ಹಿಂದ್ಗಡೆ ದಾರಿಯಾಗೆ ಗಿಣಿದೊಣೆಗೆ ಓಗಬೋದು. ಬಂಡೆ ಒಣಗಿರ್ತದೆ. ಚಪ್ಲಿ ಕೆಳ್ಗೆ ಬಿಟ್ಟು ಬರಿಗಾಲಾಗೆ ಹತ್ಬೇಕು. ನೀರು ಕಮ್ಮಿ ಇದ್ರೂ ತಿಳಿಯಾಗಿರ್ತದೆ. ನಾಲ್ಕು ಗಂಟೆಗೆ ಗಿಣಿ ಬತ್ತವೆ."

"ಈ ಕಾಗದದಾಗೆ ಅದ್ಯಾಕಪ್ಪಾ?" ಎಂದಳು ನರಸಮ್ಮ.

"ಇದನ್ನ ಓದಿದೋರು ಇನ್ಮೇಲೆ ಅಲ್ಲಿಗೆ ಓಗ್ಲೇಬಾರ್ದು ಅಂತ ತಿಳ್ಕಂಡ್ರೆ?" ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ಬರೀರಿ ಮೇಡಂ. ಸಂಕ್ರಾಂತಿ ಕಳೆದ ಮೇಲೆ..." ಎಂದು ಮತ್ತೆ ಮೊದಲಿಂದ, ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ಅವರು ಹೇಳಿದಷ್ಟನ್ನೇ ಬರೆದೆ.